ಮಕ್ಕಳ ವಿದ್ಯುತ್ ಬಂಡಿಯೂ ಅದರ ಕಡೆಗೀಲೂ

(ಪ್ಯಾರಮಟ್ಟಾದ ಕನ್ನಡ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನ ಮನೆಗಳಲ್ಲಿ ಬೆಳೆದವರಿಗೆ ಅಡಕೆಯ ಹಾಳೆಯೇ ಮೊದಲ ವಾಹನ. ಒಬ್ಬನು ಹಾಳೆಯ ಮೇಲೆ ಕುಳಿತು ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಇನ್ನೊಬ್ಬನು ಸೋಗೆಯ ತುದಿಯನ್ನು ಹಿಡಿದು ಅಂಗಳದ ತುಂಬ ಎಳೆಯಬೇಕು. ಬಯಲುಸೀಮೆಯ ಮಕ್ಕಳಿಗೆ ಸೈಕಲ್ಲಿನ ಹಳೆಯ ಟೈರು ಮತ್ತು ಒಂದು ಕೋಲು ಸಾಕಾಗಿತ್ತು. ಪೇಟೆಯ ಹುಡುಗರು ಗ್ಯಾರೇಜಿನವರನ್ನು ಕಾಡಿಬೇಡಿ ತಂದ ಹಳೆಯ ಬೇರಿಂಗುಗಳನ್ನು ಹಲಗೆಯೊಂದಕ್ಕೆ ಜೋಡಿಸಿ, ಇಳಿಜಾರಿನ ರಸ್ತೆಯಲ್ಲಿ ಗರಗರ ಸದ್ದು ಮಾಡುತ್ತ ಇಳಿಯುತ್ತಿದ್ದರು. ಈ ದೇಶದ ಹಿರಿಯರೂ ತಮ್ಮ ಬಾಲ್ಯದಲ್ಲಿ ಹಣ್ಣಿನ ಪೆಟ್ಟಿಗೆಗೆ ಬೇರಿಂಗುಗಳನ್ನು ಸೇರಿಸಿ ಇದನ್ನೇ ಮಾಡಿದ್ದರೆಂಬುದು ನಮಗೆ ಇಲ್ಲಿಗೆ ಬಂದ ಮೇಲೆ ತಿಳಿಯಿತು. ಅವರು ಅದನ್ನು ಬಿಲ್ಲಿ ಕಾರ್ಟ್ ಎನ್ನುತ್ತಾರೆ. ಸಿಡ್ನಿಯ ಲೈಕಾರ್ಟ್ ಬಡಾವಣೆಯಲ್ಲಿ ಜಾನ್ ಹೈನ್ ಕಂಪನಿಯವರು ತಯಾರಿಸುತ್ತಿದ್ದ 'ಸೈಕ್ಲಾಪ್ಸ್' ಎಂಬ ತುಳಿಯುವ ಕಾರು ಉಳ್ಳವರ ಮಕ್ಕಳಿಗೆ. ಬಿಲ್ಲಿ ಕಾರ್ಟ್ ಉಳಿದವರಿಗೆ.

ಇಂದು ನಮ್ಮ ಮಕ್ಕಳು ಕೇಳುವುದು ಬ್ಯಾಟರಿಯಿಂದ ಓಡುವ, ತಾವೇ ಕುಳಿತು ನಡೆಸುವ ಕಾರು. ಅಂಗಡಿಯಲ್ಲಿ ಅದಕ್ಕೆ ಕೆಲವು ನೂರು ಡಾಲರು. ಹುಟ್ಟುಹಬ್ಬಕ್ಕೆ ಬಂದ ಕಾರು ಕೆಲವು ತಿಂಗಳು ಓಡುತ್ತದೆ; ಆಮೇಲೆ ಬ್ಯಾಟರಿ ಸಾಯುತ್ತದೆ, ಇಲ್ಲವೇ ಪ್ಲಾಸ್ಟಿಕ್ಕಿನ ಹಲ್ಲುಚಕ್ರ ಸವೆಯುತ್ತದೆ. ಕೌನ್ಸಿಲಿನವರು ಹಳೆಯ ಸಾಮಾನು ಒಯ್ಯುವ ವಾರದಲ್ಲಿ ವೆಸ್ಟ್‌ಮೀಡ್, ಹ್ಯಾರಿಸ್ ಪಾರ್ಕ್ ಕಡೆಯ ಬೀದಿಗಳಲ್ಲಿ ನಡೆದರೆ ಇಂಥ ಕಾರುಗಳು ಹಾಸಿಗೆ, ಸೋಫಾಗಳ ನಡುವೆ ಮಗುಚಿ ಬಿದ್ದಿರುವುದನ್ನು ಕಾಣಬಹುದು. ಇಂಥದೊಂದು ಬಂಡಿಯನ್ನು ಮನೆಯ ಗ್ಯಾರೇಜಿನಲ್ಲಿಯೇ ಮಾಡುವ ಬಗೆಯನ್ನು ವಿವರಿಸುವುದು ನಮ್ಮ ಇಂದಿನ ವಿಷಯ. ಇದರಿಂದ ಹಣ ಉಳಿಯುತ್ತದೆಂದು ನಾವು ಹೇಳುವುದಿಲ್ಲ. ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ ಖರ್ಚು ಹೆಚ್ಚುಕಡಮೆ ಅಷ್ಟೇ ಆಗುತ್ತದೆ. ಉಳಿಯುವುದು ಬೇರೆ, ಅದನ್ನು ಕೊನೆಗೆ ಹೇಳುತ್ತೇವೆ.

ಮೊದಲ ಬಂಡಿಯ ಪಾಠ

ನಾವು ಮಾಡಿದ ಮೊದಲನೆಯ ಬಂಡಿ ಚೆನ್ನಾಗಿ ಓಡಿತು. ಆದರೆ ಚೆನ್ನಾಗಿ ನಿಲ್ಲಲಿಲ್ಲ. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಅಪಾಯವೇನಿದೆ, ಮುಟ್ಟಿದರೂ ಷಾಕ್ ಹೊಡೆಯುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ, ಮನೆಯಲ್ಲಿದ್ದ ಸ್ಪೀಕರಿನ ತೆಳ್ಳನೆಯ ತಂತಿಯಿಂದಲೇ ಎಲ್ಲವನ್ನೂ ಜೋಡಿಸಿದ್ದೆವು. ಫ್ಯೂಸ್ ಹಾಕಿರಲಿಲ್ಲ. ಮಗು ಬಂಡಿಯನ್ನು ಹಿತ್ತಲಿನ ಬೇಲಿಗೆ ಒತ್ತಿ ನಿಲ್ಲಿಸಿ, ಕಾಲು ತೆಗೆಯದೆ ಕುಳಿತಿತ್ತು. ಗಾಲಿ ತಿರುಗುತ್ತಿರಲಿಲ್ಲ, ಮೋಟಾರು ಮಾತ್ರ ಗುಂಯ್ ಎನ್ನುತ್ತಿತ್ತು. ಊರಿನಿಂದ ಬಂದಿದ್ದ ಅಜ್ಜಿ ಬಟ್ಟೆ ಒಣಹಾಕುತ್ತಿದ್ದವರು, "ಏನೋ ಸುಟ್ಟ ವಾಸನೆ ಬರ್ತಾ ಇದೆಯಲ್ಲೋ, ನೋಡು" ಎಂದರು. ಮಗುವನ್ನು ಎತ್ತಿಕೊಂಡು ಆಸನ ತೆಗೆದು ನೋಡಿದರೆ ತಂತಿಯ ಹೊದಿಕೆ ಮೆತ್ತಗಾಗಿ ಹಲಗೆಗೆ ಅಂಟಿಕೊಂಡಿತ್ತು. ಇನ್ನೊಂದು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತೆಂಬುದನ್ನು ಈಗಲೂ ನೆನೆಯಲು ಮನಸ್ಸು ಬಾರದು.

ತಪ್ಪು ಎಲ್ಲಿತ್ತು? ವೋಲ್ಟು ಕಡಮೆ ಎಂದ ಮಾತ್ರಕ್ಕೆ ಆಂಪಿಯರು ಕಡಮೆಯಲ್ಲ. ಮೋಟಾರು ತಿರುಗುತ್ತಿರುವಾಗ ತಾನೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿ, ತನ್ನೊಳಗೆ ಹರಿಯುವ ಪ್ರವಾಹವನ್ನು ತಡೆಹಿಡಿಯುತ್ತದೆ. ತಿರುಗುವುದು ನಿಂತರೆ ಆ ತಡೆಯೂ ಇಲ್ಲವಾಗುತ್ತದೆ. ಸಮತಟ್ಟಿನಲ್ಲಿ 2 ಆಂಪಿಯರು ಎಳೆಯುತ್ತಿದ್ದ ಮೋಟಾರು ಆಗ 20 ಆಂಪಿಯರನ್ನೂ ಮೀರಬಹುದು. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದದ್ದು. ಪ್ರವಾಹ ಹತ್ತು ಪಟ್ಟಾದರೆ ಶಾಖ ನೂರು ಪಟ್ಟಾಗುತ್ತದೆ. ಎರಡು ತಂತಿಗಳು ನೇರವಾಗಿ ತಗುಲಿಕೊಂಡರಂತೂ ಈ ಪುಟ್ಟ ಬ್ಯಾಟರಿಯೇ ನೂರಕ್ಕೂ ಹೆಚ್ಚು ಆಂಪಿಯರನ್ನು ಹರಿಸಬಲ್ಲದು. ಇದು ಮನೆಯಲ್ಲಿ ಮಾಡುವವರ ಅಜ್ಞಾನ ಮಾತ್ರವಲ್ಲ. 1998ರಲ್ಲಿ ಅಮೆರಿಕದಲ್ಲಿ ಸುಮಾರು ಒಂದು ಕೋಟಿ ಆಟದ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ವಿದ್ಯುತ್ ಭಾಗಗಳು ಅತಿಯಾಗಿ ಕಾದು ಬೆಂಕಿ ಹತ್ತಿದ್ದೇ ಅದಕ್ಕೆ ಕಾರಣ.

ಎತ್ತಿನ ಬಂಡಿಯ ಅಚ್ಚಿನ ತುದಿಯಲ್ಲಿ ಗಾಲಿ ಕಳಚದಂತೆ ತಡೆಯುವ ಬೆರಳುದ್ದದ ಕಬ್ಬಿಣದ ತುಂಡಿಗೆ ಕಡೆಗೀಲು ಎನ್ನುತ್ತೇವೆ. ಜೇಡರ ದಾಸಿಮಯ್ಯನವರು ಅದನ್ನು ದೃಷ್ಟಾಂತವಾಗಿ ಬಳಸಿದ್ದು ತಮಗೆಲ್ಲ ತಿಳಿದದ್ದೇ. ನಮ್ಮ ವಿದ್ಯುತ್ ಬಂಡಿಯ ಕಡೆಗೀಲೆಂದರೆ ಕೆಲವು ಸೆಂಟಿನ ಆ ಫ್ಯೂಸ್. ಆದ್ದರಿಂದ ಬಂಡಿಯನ್ನು ಓಡಿಸುವ ಭಾಗಕ್ಕಿಂತ ಮೊದಲು ನಿಲ್ಲಿಸುವ ಭಾಗವನ್ನು ಯೋಚಿಸಬೇಕೆಂಬುದೇ ಈ ಉಪನ್ಯಾಸದ ಸಾರ. ಮುಂದಿನದನ್ನು ಆ ದೃಷ್ಟಿಯಿಂದಲೇ ಕೇಳಬೇಕೆಂದು ಕೋರುತ್ತೇವೆ.

ಮೋಟಾರು ಮತ್ತು ವೇಗ

ಮೂರರಿಂದ ಐದು ವರ್ಷದ ಮಗುವಿನ ಬಂಡಿ ಎಷ್ಟು ವೇಗವಾಗಿ ಹೋಗಬೇಕು? ಜೊತೆಯಲ್ಲಿ ನಡೆಯುವ ಅಜ್ಜನಿಗೆ ಏದುಸಿರು ಬರಬಾರದು, ಅಷ್ಟೇ ಅಳತೆ. ಗಂಟೆಗೆ 3 ಕಿಲೋಮೀಟರು ಸಾಕು.

ಇದಕ್ಕೆ ಹೇಳಿ ಮಾಡಿಸಿದಂಥದು ಕಾರಿನ ಗಾಜು ಒರೆಸುವ ವೈಪರಿನ ಮೋಟಾರು. ಹಳೆಯ ಕಾರುಗಳನ್ನು ಬಿಚ್ಚಿ ಮಾರುವ ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ. ಅದು 12 ವೋಲ್ಟಿನದು, ಮಳೆಗಾಲವಿಡೀ ದುಡಿಯಲೆಂದೇ ಮಾಡಿದ್ದು. ಅದರಲ್ಲಿ ಎರಡು ವೇಗಗಳಿರುತ್ತವೆ. ಸಾಮಾನ್ಯವಾಗಿ ನಿಮಿಷಕ್ಕೆ 45 ಸುತ್ತು ಮತ್ತು 65 ಸುತ್ತು. ಸಾಮಾನು ಸಾಗಿಸುವ ಟ್ರಾಲಿಯ 25 ಸೆಂಟಿಮೀಟರು ವ್ಯಾಸದ ಗಾಲಿಯನ್ನು ತೆಗೆದುಕೊಂಡರೆ, ಒಂದು ಸುತ್ತಿಗೆ ಬಂಡಿ ಸುಮಾರು 78 ಸೆಂಟಿಮೀಟರು ಮುಂದೆ ಹೋಗುತ್ತದೆ. ಲೆಕ್ಕ ಹಾಕಿದರೆ ಕೆಳಗಿನ ವೇಗ ಗಂಟೆಗೆ 2 ಕಿಲೋಮೀಟರಿಗಿಂತ ತುಸು ಹೆಚ್ಚು, ಮೇಲಿನದು 3ಕ್ಕಿಂತ ತುಸು ಹೆಚ್ಚು. ನಮಗೆ ಬೇಕಾದದ್ದೂ ಅದೇ.

ಈ ಮೋಟಾರಿನೊಳಗೆ ತಿರುಪಿನಾಕಾರದ ಒಂದು ಗೇರು ಇರುತ್ತದೆ. ಮೋಟಾರು ಗಾಲಿಯನ್ನು ತಿರುಗಿಸಬಲ್ಲದು. ಗಾಲಿ ಮೋಟಾರನ್ನು ತಿರುಗಿಸಲಾರದು. ಹೀಗಾಗಿ ಮಗು ಕಾಲು ತೆಗೆದೊಡನೆ ಬಂಡಿ ತಾನಾಗಿ ನಿಲ್ಲುತ್ತದೆ, ಇಳಿಜಾರಿನಲ್ಲಿಯೂ ಜಾರುವುದಿಲ್ಲ. ಬೇರೆ ಬ್ರೇಕು ಬೇಕಿಲ್ಲ. ಆದರೆ ಇದೇ ಕಾರಣದಿಂದ ಬಂಡಿಯನ್ನು ತಳ್ಳಿಕೊಂಡು ಹೋಗಲೂ ಆಗದು. ಆದ್ದರಿಂದ ಗಾಲಿಯನ್ನೂ ಅದರ ಹಲ್ಲುಚಕ್ರವನ್ನೂ ಒಂದು ಪಿನ್ನಿನಿಂದ ಜೋಡಿಸಿ, ಅಗತ್ಯ ಬಿದ್ದಾಗ ದೊಡ್ಡವರು ಮಾತ್ರ ಆ ಪಿನ್ನನ್ನು ತೆಗೆಯುವಂತೆ ಮಾಡಿಕೊಳ್ಳಬೇಕು.

ಶಕ್ತಿಯ ಲೆಕ್ಕವನ್ನೂ ನೋಡೋಣ. ಮಗು 18 ಕಿಲೋ, ಬಂಡಿ 22 ಕಿಲೋ, ಒಟ್ಟು 40 ಕಿಲೋ ಎಂದುಕೊಳ್ಳೋಣ. ಕಾಂಕ್ರೀಟಿನ ಮೇಲೆ ಇದನ್ನು ಉರುಳಿಸಲು ಸುಮಾರು 12 ನ್ಯೂಟನ್ ಬಲ ಸಾಕು. ಹನ್ನೆರಡು ಅಡಿಗೆ ಒಂದಡಿ ಏರುವ ಡ್ರೈವ್‌ವೇ ಆದರೆ ಇದರ ಮೇಲೆ ಇನ್ನೂ 33 ನ್ಯೂಟನ್ ಬೇಕು. ಗೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಶಾಖವಾಗಿ ವ್ಯಯವಾಗುತ್ತದೆಂದು ಹಿಡಿದರೆ, ಸಮತಟ್ಟಿನಲ್ಲಿ 2 ಆಂಪಿಯರು, ಏರಿನಲ್ಲಿ 8 ಆಂಪಿಯರು, ಹುಲ್ಲಿನ ಮೇಲೆ ಸುಮಾರು 7 ಆಂಪಿಯರು ಬೇಕಾಗುತ್ತದೆ. 12 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಿದರೆ ಸರಾಸರಿ ಒಂದೂವರೆ ಗಂಟೆಯ ಆಟ. ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದರೆ ಅದರ ಆಯುಷ್ಯ ಬೇಗ ಮುಗಿಯುವುದರಿಂದ ಈ ಅರ್ಧದ ನಿಯಮ.

ಮರ, ಅಚ್ಚು, ಗಾಲಿ

ಮೈಗೆ 12 ಮಿಲಿಮೀಟರು ದಪ್ಪದ ಪ್ಲೈವುಡ್ ಸಾಕು. ಹಳೆಯ ಬೇಲಿ ಅಥವಾ ಡೆಕ್ಕಿನಿಂದ ಬಿಚ್ಚಿದ ಹಸಿರು ಛಾಯೆಯ ಪೈನ್ ಮರವನ್ನು ಮಾತ್ರ ಬಳಸಬಾರದು. ಗೆದ್ದಲು ಹತ್ತದಿರಲೆಂದು ಅದಕ್ಕೆ ತಾಮ್ರ, ಕ್ರೋಮಿಯಮ್ ಮತ್ತು ಆರ್ಸೆನಿಕ್ ಸೇರಿದ ಔಷಧವನ್ನು ಉಣಿಸಿರಬಹುದು. ಮಕ್ಕಳ ಆಟದ ಸಲಕರಣೆಗಳಿಗೂ ಮನೆಯ ಡೆಕ್ಕುಗಳಿಗೂ ಈ ಮರವನ್ನು ಬಳಸದಂತೆ ಆಸ್ಟ್ರೇಲಿಯಾದಲ್ಲಿ 2006ರಿಂದ ನಿರ್ಬಂಧವಿದೆ. ಅದಕ್ಕಿಂತ ಹಳೆಯ ಮರ ಇನ್ನೂ ಎಷ್ಟೋ ಹಿತ್ತಲುಗಳಲ್ಲಿದೆ.

ಅಂಚು ಮೂಲೆಗಳನ್ನೆಲ್ಲ ಉಜ್ಜಿ ಗುಂಡಗೆ ಮಾಡಬೇಕು. ಈ ವಿಷಯದಲ್ಲಿ ನಮಗೆ ಗುರು ಬೇಕೆಂದರೆ ಚನ್ನಪಟ್ಟಣವಿದೆ. ಅಲ್ಲಿಯ ಕುಶಲಿಗರು ಆಲೆಮರವನ್ನು ಚರಕಿಗೆ ಕೊಟ್ಟು ಕಡೆದು, ತಿರುಗುತ್ತಿರುವ ಮರಕ್ಕೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮಗು ಬಾಯಿಗಿಟ್ಟರೂ ಚಿಂತೆಯಿಲ್ಲದಂಥ ನುಣುಪು ಅದು. ನಮ್ಮ ಬಂಡಿಗೆ ಅಷ್ಟು ಸೊಗಸು ಬಾರದಿದ್ದರೂ, ಅಂಗೈ ಸವರಿದರೆ ಎಲ್ಲಿಯೂ ಚುಚ್ಚಬಾರದು.

ಬಂಡಿ ಮಗುಚದಿರಲು ಎರಡು ಅಳತೆಗಳು ಮುಖ್ಯ. ಎಡ ಬಲ ಗಾಲಿಗಳ ನಡುವಣ ಅಂತರ 55 ಸೆಂಟಿಮೀಟರಿಗೆ ಕಡಮೆಯಾಗಬಾರದು. ಆಸನವು ನೆಲದಿಂದ 20 ಸೆಂಟಿಮೀಟರಿಗಿಂತ ಹೆಚ್ಚು ಎತ್ತರವಿರಬಾರದು. ಮುಂದಿನ ಅಚ್ಚು ಪೂರ್ತಿ ಅಡ್ಡ ತಿರುಗದಂತೆ ಎರಡೂ ಕಡೆ ಮರದ ತಡೆಗಟ್ಟಿಗಳನ್ನು ಹೊಡೆಯಬೇಕು. ಗಾಲಿಗಳನ್ನು ಅಚ್ಚಿಗೆ ಬರಿಯ ನಟ್ಟಿನಿಂದ ಬಿಗಿದರೆ ಅದು ತಿರುಗಿ ತಿರುಗಿ ಸಡಿಲವಾಗುತ್ತದೆ. ಅಚ್ಚಿನಲ್ಲಿ ರಂಧ್ರ ಕೊರೆದು ಸ್ಪ್ಲಿಟ್ ಪಿನ್ ತೊಡಿಸಬೇಕು. ಇದು ನಿಜವಾದ ಕಡೆಗೀಲೇ.

ಮೋಟಾರಿನಿಂದ ಒಂದು ಹಿಂಗಾಲಿಗೆ ಮಾತ್ರ ಸೈಕಲ್ಲಿನ ಚೈನು ಹಾಕಿದರೆ ಸಾಕು. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನ ಗಾಲಿಗಿಂತ ಹೆಚ್ಚು ದೂರ ಓಡಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಂದು ಗಾಲಿ ಉಜ್ಜುತ್ತ ಎಳೆದುಕೊಂಡು ಹೋಗುತ್ತದೆ. ಇನ್ನೊಂದನ್ನು ಬಿಡಿಯಾಗಿ ತಿರುಗಲು ಬಿಟ್ಟರೆ ಈ ತೊಡಕಿಲ್ಲ. ಚೈನನ್ನು ಎಲ್ಲ ಕಡೆಯಿಂದಲೂ ಮುಚ್ಚಬೇಕು. ತಿರುಗುವ ಭಾಗಗಳ ಬಳಿ ಇರುವ ಸಂದು 5 ಮಿಲಿಮೀಟರಿಗಿಂತ ಕಿರಿದಾಗಿರಬೇಕು, ಇಲ್ಲವೇ 12 ಮಿಲಿಮೀಟರಿಗಿಂತ ಅಗಲವಾಗಿರಬೇಕು. ನಡುವಣ ಅಳತೆಯ ಸಂದಿನಲ್ಲಿ ಎಳೆಯ ಬೆರಳು ಒಳಹೋಗಿ ಸಿಕ್ಕಿಕೊಳ್ಳುತ್ತದೆ.

ವಿದ್ಯುತ್ತಿನ ದಾರಿ

ಪ್ಯಾರಮಟ್ಟಾಕ್ಕೆ ಹತ್ತಿರದ ರೈಡಲ್ಮಿಯರಿನಲ್ಲಿ ಪ್ರಧಾನ ಕಚೇರಿಯುಳ್ಳ ಜೇಕಾರ್‌ನಂಥ ಅಂಗಡಿಗಳಲ್ಲಿ ಬೇಕಾದ ಬಿಡಿಭಾಗಗಳೆಲ್ಲ ದೊರೆಯುತ್ತವೆ. ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ 15 ಆಂಪಿಯರಿನ ಫ್ಯೂಸ್ ಇರಬೇಕು. ದೂರದಲ್ಲಿಟ್ಟರೆ ಬ್ಯಾಟರಿಗೂ ಫ್ಯೂಸಿಗೂ ನಡುವಣ ತಂತಿಗೆ ರಕ್ಷಣೆಯೇ ಇರುವುದಿಲ್ಲ. ಮೋಟಾರಿನವರೆಗಿನ ತಂತಿಯ ತಾಮ್ರ 2.5 ಚದರ ಮಿಲಿಮೀಟರು ಇರಲಿ. ಫ್ಯೂಸ್ ಕಾಯುವುದು ತಂತಿಯನ್ನು. ತಂತಿಗಿಂತ ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸಿನ ಬದಲು ತಂತಿಯೇ ಸುಡುತ್ತದೆ. ಫ್ಯೂಸ್ ಮತ್ತೆ ಮತ್ತೆ ಹೋದರೆ ಕಾರಣವನ್ನು ಹುಡುಕಬೇಕೇ ಹೊರತು 30 ಆಂಪಿಯರಿನದನ್ನು ತಂದು ಸಿಕ್ಕಿಸಬಾರದು.

ಫ್ಯೂಸಿನ ಮುಂದೆ ಕೀಲಿಯಿರುವ ಒಂದು ಮುಖ್ಯ ಸ್ವಿಚ್ಚು. ಇದು ಆಸನದ ಹಿಂದೆ, ಹಿಂದಿನಿಂದ ನಡೆದುಬರುವ ದೊಡ್ಡವರ ಕೈಗೆ ಎಟಕುವಂತಿರಲಿ. ಆಮೇಲೆ ರಿಲೇ. ಮಗು ಒತ್ತುವ ಕಾಲಿನ ಸ್ವಿಚ್ಚಿನ ಮೂಲಕ ಮೋಟಾರಿನ ಪೂರ್ತಿ ಪ್ರವಾಹವನ್ನು ಹರಿಸುವುದು ಸರಿಯಲ್ಲ. ಸ್ವಿಚ್ಚಿನ ಮೇಲೆ ಬರೆದ 250 ವೋಲ್ಟು, 16 ಆಂಪಿಯರು ಎಂಬುದು ಸಾಮಾನ್ಯವಾಗಿ ಮನೆಯ ಪರ್ಯಾಯ ವಿದ್ಯುತ್ತಿಗೆ ಹೇಳಿದ ಮಾತು. ಬ್ಯಾಟರಿಯ ನೇರ ವಿದ್ಯುತ್ತನ್ನು ಕಡಿದಾಗ ಕಿಡಿ ಬೇಗ ಆರುವುದಿಲ್ಲ. ಸಂಪರ್ಕದ ತುದಿಗಳು ಬೆಸೆದುಕೊಂಡರೆ ಕಾಲು ತೆಗೆದರೂ ಬಂಡಿ ನಿಲ್ಲದು. ಕಾರುಗಳಲ್ಲಿ ಬಳಸುವ 12 ವೋಲ್ಟಿನ, 30 ಆಂಪಿಯರಿನ ರಿಲೇ ಹಾಕಿದರೆ ಕಾಲಿನ ಸ್ವಿಚ್ಚಿನಲ್ಲಿ ಹರಿಯುವುದು ಅತ್ಯಲ್ಪ. ರಿಲೇಯೂ ಕೈಕೊಟ್ಟರೆ ಹಿಂದಿನ ಕೀಲಿ ಇದ್ದೇ ಇದೆ. ಒಂದು ತಪ್ಪಿದರೆ ಇನ್ನೊಂದು ಎಂಬಂತೆ ಎರಡು ಕಡೆಗಳಲ್ಲಿ ನಿಲ್ಲಿಸುವ ಉಪಾಯವಿರಬೇಕು.

ಬಂಡಿ ಹಿಂದಕ್ಕೂ ಚಲಿಸಬೇಕೆನ್ನುವವರು ಗಮನಿಸಬೇಕಾದ ಸಂಗತಿಯೊಂದಿದೆ. ಹಲವು ವೈಪರ್ ಮೋಟಾರುಗಳ ಲೋಹದ ಮೈಯೇ ಋಣ ತುದಿಯಾಗಿರುತ್ತದೆ. ಹಿಂದಕ್ಕೆ ತಿರುಗಿಸಲು ತುದಿಗಳನ್ನು ಅದಲುಬದಲು ಮಾಡಿದಾಗ ಮೈಗೆ ಧನ ವಿದ್ಯುತ್ತು ಬರುತ್ತದೆ. ಅಂಥ ಮೋಟಾರನ್ನು ಕಬ್ಬಿಣದ ಚೌಕಟ್ಟಿಗೆ ತಾಗಿಸದೆ ಮರದ ಮೇಲೆಯೇ ಕೂರಿಸಬೇಕು.

ಸುಮಾರು 4 ಕಿಲೋ ತೂಗುವ ಬ್ಯಾಟರಿಯನ್ನು ಆಸನದ ಕೆಳಗೆ ಪೆಟ್ಟಿಗೆಯಲ್ಲಿಟ್ಟು ಪಟ್ಟಿಯಿಂದ ಬಿಗಿಯಬೇಕು. ಬಂಡಿ ಮಗುಚಿದರೂ ಅದು ಕದಲಬಾರದು. ಚಾರ್ಜರನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬಾರದು. ಆಸ್ಟ್ರೇಲಿಯಾದ ಆರ್‌ಸಿಎಂ ಗುರುತಿರುವ, ಆ ಬ್ಯಾಟರಿಯ ಜಾತಿಗೇ ಹೊಂದುವ ಚಾರ್ಜರನ್ನು ಕೊಳ್ಳಬೇಕು. ಸೀಸದ ಬ್ಯಾಟರಿ ಅತಿಯಾಗಿ ಚಾರ್ಜಾದರೆ ಹೈಡ್ರೋಜನ್ ಅನಿಲ ಹೊರಬರುವುದರಿಂದ ಗಾಳಿಯಾಡುವ ಕಡೆ ಇಡಬೇಕು. ಹಗುರವೆಂದು ಲಿಥಿಯಮ್ ಬ್ಯಾಟರಿಯ ಕಡೆ ಮನಸ್ಸು ಹೋಗುವುದು ಸಹಜ; ಆದರೆ ಅದರ ಬೆಂಕಿ ಸುಲಭವಾಗಿ ಆರುವಂಥದಲ್ಲ. ಮೊದಲ ಬಂಡಿಗೆ ಸೀಸದ್ದೇ ಇರಲಿ ಎಂಬುದು ನಮ್ಮ ಸಲಹೆ. ಹಾರನ್ನಿಗೋ ಹಾಡಿಗೋ ಗುಂಡಿಯಾಕಾರದ ಬ್ಯಾಟರಿಗಳನ್ನು ಬಳಸಲೇಬಾರದು. ಮಗು ಅದನ್ನು ನುಂಗಿದರೆ ಅನ್ನನಾಳ ಕೆಲವೇ ಗಂಟೆಗಳಲ್ಲಿ ಸುಟ್ಟುಹೋಗುತ್ತದೆ. ಈ ದೇಶದಲ್ಲಿ ಮಕ್ಕಳು ತೀರಿಕೊಂಡದ್ದರಿಂದಲೇ 2022ರ ಜೂನ್ 22ರಿಂದ ಇದಕ್ಕೆ ಕಡ್ಡಾಯ ನಿಯಮಗಳು ಬಂದಿವೆ.

ಎಲ್ಲಿ ಓಡಿಸಬೇಕು?

ಹಿತ್ತಲಿನಲ್ಲಿ. ರಸ್ತೆಯಲ್ಲಾಗಲಿ ಕಾಲುದಾರಿಯಲ್ಲಾಗಲಿ ಬೇಡ. ಡ್ರೈವ್‌ವೇಯಲ್ಲಿ ಓಡಿಸುವುದಾದರೆ ಮನೆಯ ಕಾರುಗಳ ಕೀಲಿಗಳೆಲ್ಲ ಒಬ್ಬರ ಜೇಬಿನಲ್ಲಿರಲಿ. ಹಿಂದಕ್ಕೆ ಬರುತ್ತಿರುವ ದೊಡ್ಡ ಕಾರಿನಿಂದ ಇಷ್ಟು ತಗ್ಗಿನ ಬಂಡಿಯಲ್ಲಿ ಕುಳಿತ ಮಗು ಕಾಣುವುದೇ ಇಲ್ಲ. ಇಂಥ ದುರಂತಗಳು ಈ ದೇಶದಲ್ಲಿ ಮನೆಯವರ ಕೈಯಿಂದಲೇ ಆಗಿವೆ. ಈಜುಕೊಳವಿರುವ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. ಕೊಳದ ಬೇಲಿಗೆ ತಾಗಿದಂತೆ ಹತ್ತಲು ಆಸರೆಯಾಗುವ ಏನೂ ಇರಬಾರದೆಂದು ನಿಯಮವಿದೆ. ಬಂಡಿಯನ್ನು ಬೇಲಿಯ ಪಕ್ಕ ನಿಲ್ಲಿಸಿದರೆ ಅದೇ ಮಗುವಿಗೆ ಏಣಿಯಾಗುತ್ತದೆ.

ಆಟಿಕೆಯಿಂದ ಆಚೆಗೆ

ಇದೆಲ್ಲ ಬರಿಯ ಆಟವಲ್ಲವೇ ಎಂದು ಕೇಳುವವರಿಗೆ ಒಂದು ನಿದರ್ಶನ. 1990ರಲ್ಲಿ ಡಾರ್ವಿನ್ನಿನಿಂದ ಅಡಿಲೇಡಿನವರೆಗೆ, ಸುಮಾರು 3,000 ಕಿಲೋಮೀಟರುಗಳ ಸೌರ ಕಾರುಗಳ ಸ್ಪರ್ಧೆಯಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರಿನಲ್ಲಿ ಮೂರನೆಯ ಸ್ಥಾನ ಪಡೆದರು. ಆ ತಂಡದಲ್ಲಿದ್ದ ಬೆಂಗಳೂರಿನ ಚೇತನ್ ಮೈನಿಯವರು ಊರಿಗೆ ಮರಳಿ, 2001ರಲ್ಲಿ 'ರೇವಾ' ಎಂಬ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದರು. ಆರಂಭದ ರೇವಾದಲ್ಲಿದ್ದದ್ದು 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು; ನಮ್ಮ ಬಂಡಿಯ ಬ್ಯಾಟರಿಯ ಅಣ್ಣಂದಿರೇ. ಮೆಲ್ಬರ್ನಿನ ಬಂಧುಗಳಿಗೆ ತಿಳಿದಿರುವಂತೆ, ವಿಕ್ಟೋರಿಯಾದ ಮೇರಿಬರೋದಲ್ಲಿ 1991ರಲ್ಲಿ ಆರಂಭವಾದ 'ಎನರ್ಜಿ ಬ್ರೇಕ್‌ಥ್ರೂ' ಕೂಟದಲ್ಲಿ ಶಾಲೆಯ ಮಕ್ಕಳು ತಾವೇ ಕಟ್ಟಿದ ವಾಹನಗಳನ್ನು ಓಡಿಸುತ್ತಾರೆ. ಮನೆಯಲ್ಲಿ ಹತಾರಗಳಿಲ್ಲವೆನ್ನುವವರಿಗೆ ಬಡಾವಣೆಯ 'ಮೆನ್ಸ್ ಶೆಡ್' ಇದೆ. ವಿಕ್ಟೋರಿಯಾದ ಟಾಂಗಾಲಾದಲ್ಲಿ 1998ರಲ್ಲಿ ಆ ಹೆಸರಿನಿಂದ ಆರಂಭವಾದ ಈ ಪದ್ಧತಿ ಈಗ ದೇಶದ ತುಂಬ ಹರಡಿದೆ. ಊರಿನಿಂದ ಬಂದು ದಿನವಿಡೀ ಕಿಟಕಿಯ ಬಳಿ ಕೂರುವ ನಮ್ಮ ಅಜ್ಜಂದಿರಿಗೂ ಅಲ್ಲಿ ಒಂದು ಕೆಲಸ, ನಾಲ್ಕು ಮಾತು ಸಿಕ್ಕೀತು.

ಉಳಿಯುವುದು ಬೇರೆ ಎಂದು ಆರಂಭದಲ್ಲಿ ಹೇಳಿದ್ದೆವು. ನಮ್ಮ ಮನೆಗಳಲ್ಲಿ ಮಕ್ಕಳ ಕಿವಿಗೆ ಬೀಳುವ ಕನ್ನಡ ಬಹುಮಟ್ಟಿಗೆ ಅಪ್ಪಣೆಯ ಕನ್ನಡ: ಊಟ ಮಾಡು, ಹಲ್ಲುಜ್ಜು, ಮಲಗು. ಗ್ಯಾರೇಜಿನಲ್ಲಿ ಎರಡನೆಯ ಬಂಡಿ ಕಟ್ಟುತ್ತಿದ್ದ ವಾರಗಳಲ್ಲಿ ಮಗುವಿನ ಬಾಯಿಗೆ ಬೇರೆ ಮಾತುಗಳು ಬಂದವು. ಬಿಗಿ, ಸಡಿಲ, ಸಂದು, ಅಚ್ಚು, ಮೊಳೆ, ಇನ್ನೊಂದು ಸುತ್ತು. ಅಜ್ಜಿ ಬಂಡಿಯ ಗಾಲಿ ನೋಡಿ ಕಡೆಗೀಲು ಎಂಬ ಪದವನ್ನು ಹೇಳಿಕೊಟ್ಟರು.

ಮೊದಲ ಪರೀಕ್ಷೆಯ ದಿನ ಬಂಡಿಯನ್ನು ಎರಡು ಇಟ್ಟಿಗೆಗಳ ಮೇಲೆ ಎತ್ತಿಟ್ಟು, ಗಾಲಿಗಳು ಗಾಳಿಯಲ್ಲಿಯೇ ತಿರುಗುವಂತೆ ಮಾಡಿದೆವು. ಮಗುವಿಗೆ ಕೊಟ್ಟ ಮೊದಲ ಕೆಲಸ ಓಡಿಸುವುದಲ್ಲ. ನಾವು ಓಡಿಸುತ್ತಿರುವಾಗ ಹಿಂದಿನಿಂದ ಕೀಲಿ ತೆಗೆದು ನಿಲ್ಲಿಸುವುದು. ಹತ್ತು ಸಲ ನಿಲ್ಲಿಸಿದ ಮೇಲೆ ಇಟ್ಟಿಗೆಗಳನ್ನು ತೆಗೆದೆವು. ಆಮೇಲೆ ಬಂಡಿಯನ್ನು ಬೇಕೆಂದೇ ಅದೇ ಬೇಲಿಗೆ ಒತ್ತಿ ನಿಲ್ಲಿಸಿ, ಕಾಲು ಒತ್ತಿಯೇ ಹಿಡಿದೆವು. ಫ್ಯೂಸ್ ಟಪ್ಪೆಂದು ಹೋಯಿತು, ಮೋಟಾರು ಸುಮ್ಮನಾಯಿತು. ಆಸನ ತೆಗೆದು ತಂತಿಯನ್ನು ಮುಟ್ಟಿ ನೋಡಿದೆವು. ಸ್ವಲ್ಪ ಬೆಚ್ಚಗಿತ್ತು, ಅಷ್ಟೇ. ಸುಟ್ಟ ಫ್ಯೂಸನ್ನು ಮಗು ಬೆಳಕಿಗೆ ಹಿಡಿದು, ನಡುವೆ ತುಂಡಾಗಿದ್ದ ಎಳೆಯನ್ನು ಅಜ್ಜಿಗೆ ತೋರಿಸಿತು.